ಉಗ್ರಾಣವೂ ದಾಸೋಹದ ಅಂಗವೇ

ದಾಸೋಹವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಪ್ರಸಾದದ ಪಂಕ್ತಿ. ಅದರ ಹಿಂದಿರುವ ಉಗ್ರಾಣ ನೆನಪಿಗೆ ಬರುವುದು ಅಪರೂಪ.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ನಿತ್ಯವೂ ಪ್ರಸಾದ ಸ್ವೀಕರಿಸುತ್ತಾರೆ. ಸುಗ್ಗಿ ಬರುವುದು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ, ಹಸಿವಾದರೋ ಪ್ರತಿದಿನ. ಈ ಎರಡರ ನಡುವಣ ಅಂತರವನ್ನು ತುಂಬುವುದೇ ಉಗ್ರಾಣದ ಕಾಯಕ.

ಆ ಕಾಯಕದ ನಿಯಮಗಳು ಸರಳವಾದುವು. ಮೊದಲು ಬಂದ ಧಾನ್ಯ ಮೊದಲು ಅಡುಗೆಮನೆಗೆ ಹೋಗಬೇಕು. ಹೊಸ ಮೂಟೆಗಳನ್ನು ಹಳೆಯವುಗಳ ಮುಂದೆ ಒಟ್ಟಿದರೆ ಹಿಂದಿನವು ಹುಳುವಿನ ಪಾಲು. ಭತ್ತದ ತೇವಾಂಶ ನೂರಕ್ಕೆ 14ನ್ನು ಮೀರಿದರೆ ಬೂಷ್ಟು ಹಿಡಿಯುವ ಭಯವುಂಟು. ಆದ್ದರಿಂದ ಒಣಗಿಸಿಯೇ ತುಂಬಬೇಕು. ಮೂಟೆಗಳು ನೆಲಕ್ಕೆ ತಾಗದೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇರಬೇಕು. ಎಷ್ಟು ಬಂತು, ಎಷ್ಟು ಹೋಯಿತು, ಉಳಿದದ್ದು ಎಷ್ಟು ದಿನಕ್ಕೆ ಸಾಕು ಎಂಬ ಲೆಕ್ಕ ಪ್ರತಿ ಸಂಜೆ ಸಿಗಬೇಕು. ಮುಗಿದ ಮೇಲೆ ಹೇಳಿಕಳುಹಿಸುವುದಲ್ಲ. ಹೊಸದು ಬಂದು ತಲುಪುವವರೆಗೆ ಸಾಲುವಷ್ಟು ದಾಸ್ತಾನು ಇರುವಾಗಲೇ ಹೇಳಿಕಳುಹಿಸಬೇಕು.

ಭಕ್ತರು ಬಂಡಿಯಲ್ಲಿ ತಂದೊಪ್ಪಿಸಿದ ಅಕ್ಕಿ ಮಳೆಗಾಲದಲ್ಲಿ ಮುಗ್ಗಿ, ಕೊನೆಗೆ ದನಗಳ ಬಾನಿ ಸೇರಿದ್ದನ್ನು ನಾವು ಒಂದೆಡೆ ಕಂಡಿದ್ದೇವೆ. ಅಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಎಚ್ಚರಕ್ಕೆ ಇತ್ತು. ಕೆಟ್ಟ ಪ್ರತಿಯೊಂದು ಮೂಟೆಯಲ್ಲಿ ರೈತನ ಬೆವರೂ ಹಸಿದವನ ತುತ್ತೂ ಒಟ್ಟಿಗೇ ನಷ್ಟವಾಗುತ್ತವೆ.

2019ರ ಜನವರಿ 21ರಂದು ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಬಳಿಕವೇ ಆ ವಾರ್ತೆಯನ್ನು ಪ್ರಕಟಿಸಲಾಯಿತು. ಅಂತಹ ದಿನವೂ ಪಂಕ್ತಿ ತಪ್ಪಲಿಲ್ಲವೆಂದರೆ, ಉಗ್ರಾಣದ ಕಾಯಕವೂ ತಪ್ಪಿರಲಿಲ್ಲವೆಂದೇ ಅರ್ಥ. ನಮ್ಮ ಮನೆಗಳ ಕಣಜಕ್ಕೂ ಈ ಎಚ್ಚರವೇ ಬೇಕು.