ಪರೀಕ್ಷೆಗೆ ಒಪ್ಪಿಸಿದ ವಿವರಗಳ ಗೋಪ್ಯರಕ್ಷಣೆ

ಕೃಷಿ ವಿಷಯದಲ್ಲಿ ಪರೀಕ್ಷೆ ನಡೆಸಿ ಸಲಹೆ ಕೊಡುವವನು ವೈದ್ಯನಿಗೆ ಸಮಾನನು. ರೋಗಿಯು ವ್ಯಾಧಿಯನ್ನು ಮರೆಮಾಚಿದರೆ ಚಿಕಿತ್ಸೆ ಫಲಿಸದು. ವೈದ್ಯನು ಅದನ್ನು ಬೀದಿಯಲ್ಲಿ ಆಡಿದರೆ ಮುಂದೆ ಯಾವ ರೋಗಿಯೂ ಅವನ ಬಾಗಿಲಿಗೆ ಬಾರನು. ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ರೈತರು ಮಣ್ಣು, ಬಾವಿಯ ನೀರು, ರೇಷ್ಮೆಹುಳು ಮೊದಲಾದುವನ್ನು ಪರೀಕ್ಷೆಗೆ ಒಪ್ಪಿಸುವರಷ್ಟೆ. ಹೀಗೆ ದೊರೆತ ವಿವರಗಳನ್ನು ಎಲ್ಲಿಯವರೆಗೆ ಗುಟ್ಟಾಗಿ ಇಡಬೇಕು, ಎಲ್ಲಿ ಹೇಳಲೇಬೇಕು ಎಂಬುದನ್ನು ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ತಿಳಿದಿರುವುದು ಆವಶ್ಯಕ.

ಮಣ್ಣಿನ ಪರೀಕ್ಷೆ.— 2015ನೆಯ ಇಸವಿ ಫೆಬ್ರವರಿ 19ರಂದು ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಮಣ್ಣಿನ 12 ಗುಣಗಳನ್ನು ಅಳೆಯುವ ಏರ್ಪಾಡಾಯಿತು. ಚೀಟಿಯಲ್ಲಿ ಈ ಅಂಕಿಗಳ ಜೊತೆಗೆ ರೈತನ ಹೆಸರು, ಸರ್ವೆ ನಂಬರು ಮುಂತಾದುವೂ ಇರುವುವು. ನೀರು ಬಸಿಯದ ತಗ್ಗುಗದ್ದೆಯಲ್ಲಿ ಲವಣಾಂಶ ಹೆಚ್ಚೆಂದು ಬರೆದ ಚೀಟಿ ಪರರ ಕೈಗೆ ಬಿದ್ದರೆ ಕೊಳ್ಳುವವನು ಬೆಲೆಯನ್ನು ಇಳಿಸುವನು, ಗುತ್ತಿಗೆದಾರನು ಹಿಂಜರಿಯುವನು. ಲವಣಕ್ಕೆ ಬಸಿಗಾಲುವೆಯೂ ಕ್ಷಾರಕ್ಕೆ ಜಿಪ್ಸಮ್ಮೂ ಪರಿಹಾರವಾಗಿದ್ದರೂ, ಔಷಧವುಳ್ಳ ಈ ರೋಗವನ್ನು ಊರಿನವರು ಜಮೀನಿನ ಶಾಶ್ವತ ದೋಷವೆಂದೇ ಎಣಿಸುವರು. ಅಂಜಿದ ರೈತನು ಮುಂದಿನ ಸಲ ಚೆನ್ನಾದ ಮೂಲೆಯ ಮಣ್ಣನ್ನೇ ಆರಿಸಿ ತಂದುಕೊಡುವನು. ಆಗ ಪರೀಕ್ಷೆಯೂ ಸುಳ್ಳಾಗಿ, ಗೊಬ್ಬರದ ಹಣವೂ ವ್ಯರ್ಥವಾಗುವುದು.

ರೇಷ್ಮೆಹುಳುವಿನ ಪರೀಕ್ಷೆ.— ಗೋಪ್ಯಕ್ಕೂ ಒಂದು ಮೇರೆಯುಂಟೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿದು ಬರತಕ್ಕದ್ದು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸುವ ವಿಧಾನವನ್ನು 1860ರ ದಶಕದಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯು ರೂಪಿಸಿದನು. ಇಂತಹ ರೋಗವನ್ನು ಮುಚ್ಚಿಟ್ಟರೆ ನೆರೆಯ ಹುಳುಮನೆಗಳೂ ಕೆಡುವುವು. ಆದಕಾರಣ ರೋಗ ಕಂಡ ಸಂಗತಿಯನ್ನು ರೇಷ್ಮೆ ಇಲಾಖೆಗೆ ಒಡನೆಯೇ ತಿಳಿಸತಕ್ಕದ್ದು. ನೆರೆಯವರಿಗೂ ಎಚ್ಚರಿಕೆ ಕೊಡತಕ್ಕದ್ದು. ಆದರೆ ಎಚ್ಚರಿಕೆಯಲ್ಲಿ ರೈತನ ಹೆಸರು ಬೇಕಿಲ್ಲ. ಊರಿನಲ್ಲಿ ಹುಳುಮನೆ ಒಂದೇ ಇದ್ದರೆ ಊರಿನ ಹೆಸರನ್ನು ಹೇಳಿದರೂ ಗುಟ್ಟು ಒಡೆದಂತೆಯೇ. ಅಂತಹ ಕಡೆ ಹೋಬಳಿಯನ್ನು ಮಾತ್ರ ಸೂಚಿಸಿದರೆ ಸಾಕು.

ಪರಂಪರೆಯ ತಿಳಿವಳಿಕೆ.— ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಗಿಡಮೂಲಿಕೆಗಳ ವಿಷಯದಲ್ಲಿ ವಿಶೇಷ ಜ್ಞಾನವುಂಟು. ಇಂತಹ ಜ್ಞಾನವು ಬಾಯಿಂದ ಹೊರಟ ಮೇಲೆ ಮರಳಿ ಬಾರದು. 1987ರಲ್ಲಿ ಕೇರಳದ ಅಗಸ್ತ್ಯಮಲೆಯಲ್ಲಿ ಕಾಣಿ ಜನರು ದಣಿವು ಕಳೆಯುವ ಆರೋಗ್ಯಪಚ್ಚ ಎಂಬ ಗಿಡದ ಗುಟ್ಟನ್ನು ವಿಜ್ಞಾನಿಗಳಿಗೆ ಹೇಳಿದರು. ಅದರಿಂದ ‘ಜೀವನಿ’ ಎಂಬ ಔಷಧ ಸಿದ್ಧವಾಗಿ, ಆದಾಯದ ಅರ್ಧಪಾಲು ಕಾಣಿಗಳಿಗೆಂದು ಗೊತ್ತಾಯಿತು. ಆದರೂ ಇಡೀ ಜನಾಂಗದ ಗುಟ್ಟನ್ನು ಕೆಲವರು ಹೇಳಬಹುದಿತ್ತೇ ಎಂಬ ವಿವಾದವು ಅವರೊಳಗೇ ಎದ್ದಿತು. ಮೊದಲು ಒಪ್ಪಂದ, ಅನಂತರ ಮಾತು ಎಂಬುದೇ ಇದರಿಂದ ಕಲಿಯಬೇಕಾದ ಪಾಠ.

ಕಾನೂನಿನ ಆಸರೆ.— 2005ರ ಮಾಹಿತಿ ಹಕ್ಕು ಕಾಯಿದೆಯ 8ನೆಯ ಪ್ರಕರಣವು ವ್ಯಾಪಾರದ ಗುಟ್ಟುಗಳಿಗೆ ರಕ್ಷಣೆ ಕೊಡುತ್ತದೆ. ಸಾರ್ವಜನಿಕ ಹಿತವು ಮಿಗಿಲಾದಾಗ ಮಾತ್ರ ಅವನ್ನು ಹೊರಗೆಡಹಬಹುದು. 2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯರ ಜ್ಞಾನದಿಂದ ಬಂದ ಲಾಭದಲ್ಲಿ ಅವರಿಗೂ ಪಾಲು ಸಲ್ಲಬೇಕೆನ್ನುತ್ತದೆ. ಒಬ್ಬನ ಸ್ವಂತ ವಿವರಗಳನ್ನು ಅವನ ಒಪ್ಪಿಗೆಯಿಂದ, ಹೇಳಿದ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬುದು 2023ರ ಅಂಕೀಯ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ಮುಖ್ಯ ತತ್ತ್ವ.

ಅನುಸರಿಸತಕ್ಕ ಕ್ರಮಗಳು.—
(1) ಮಾದರಿಯನ್ನು ಕೊಡುವ ಮೊದಲೇ ಫಲಿತಾಂಶವನ್ನು ಯಾರು ಯಾರು ನೋಡುವರೆಂದು ಕೇಳಿ ತಿಳಿಯಬೇಕು. ಖಾಸಗಿ ಪ್ರಯೋಗಶಾಲೆಯಾದರೆ ಅದನ್ನು ಬರವಣಿಗೆಯಲ್ಲಿ ಪಡೆಯಬೇಕು.
(2) ಮಾದರಿಯ ಚೀಲದ ಮೇಲೆ ಹೆಸರಿನ ಬದಲು ಕ್ರಮಸಂಖ್ಯೆಯನ್ನು ಬರೆದು, ಹೆಸರಿನ ಪಟ್ಟಿಯನ್ನು ಬೇರೆಯಾಗಿ ಬೀಗದಲ್ಲಿಡುವುದು ಉತ್ತಮ.
(3) ಊರಿನವರ ಚೀಟಿಗಳನ್ನೆಲ್ಲ ಒಟ್ಟಿಗೆ ಚಾವಡಿಯಲ್ಲಿ ಓದಿಸಬಾರದು. ಅವರವರ ಕೈಗೇ ಕೊಡಬೇಕು. ಮೊಬೈಲ್ ಫೋನಿನ ಗುಂಪುಗಳಿಗೂ ಹಾಕಬಾರದು.
(4) ಗೊಬ್ಬರ ಔಷಧಗಳನ್ನು ಮಾರುವವನೇ ಉಚಿತವಾಗಿ ಪರೀಕ್ಷೆ ಮಾಡಿಕೊಡುವೆನೆಂದರೆ, ಆ ವಿವರವು ಅವನ ವ್ಯಾಪಾರಕ್ಕೂ ಒದಗುವುದೆಂಬುದನ್ನು ಮರೆಯಬಾರದು.
(5) ಊರಿಗೆ ಉಪಯುಕ್ತವಾದ ಫಲಿತಾಂಶವನ್ನು ಹಲವರ ಸರಾಸರಿಯಾಗಿ ಪ್ರಕಟಿಸಬಹುದು.

ಗುಟ್ಟು ಉಳಿಯುವುದೆಂಬ ಭರವಸೆಯಿದ್ದಲ್ಲಿ ರೈತನು ನಿಜವನ್ನೇ ಹೇಳುವನು. ನಿಜವನ್ನು ಅರಿತು ಕೊಟ್ಟ ಸಲಹೆಯೇ ಫಲ ಕೊಡುವುದು. ಈ ಭರವಸೆಯನ್ನು ಊರಿನಲ್ಲಿ ನೆಲೆಗೊಳಿಸುವ ಭಾರವು ಪರೀಕ್ಷಕರ ಮೇಲಿರುವಷ್ಟೇ ಗ್ರಾಮದ ಹಿರಿಯರ ಮೇಲೂ ಇದೆ.