ಕಳರಿಯ ನೆಲ ಮತ್ತು ದೇಹದ ಸಮತೋಲ

ಸಮತೋಲವೆಂದರೆ ಅಲುಗದೆ ನಿಲ್ಲುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕ್ರೀಡೆಯ ವಿಷಯದಲ್ಲಿ ಈ ಅರ್ಥ ಸಾಲದು. ಅಲ್ಲಿ ಸಮತೋಲವೆಂಬುದು ಕಳೆದುಕೊಂಡು ಮರಳಿ ಪಡೆಯುವ ವಿದ್ಯೆಯಾಗಿದೆ. ಇದನ್ನು ವಿಶದಪಡಿಸಲು ದೂರದ ನಿದರ್ಶನಗಳು ಬೇಕಿಲ್ಲ. ನಾವು ನೆಲೆಸಿರುವ ಈ ಕೇರಳದಲ್ಲಿಯೇ ಅವು ದೊರೆಯುತ್ತವೆ.

ಫೋರ್ಟ್ ಕೊಚ್ಚಿಯ ಕಡಲಂಚಿನ ಚೀನಾ ಬಲೆಗಳನ್ನು ನೋಡದವರು ನಮ್ಮಲ್ಲಿ ವಿರಳ. ಉದ್ದನೆಯ ಮರದ ಚೌಕಟ್ಟಿನ ಮುಂಭಾಗದಲ್ಲಿ ಬಲೆ. ಹಿಂಭಾಗದಲ್ಲಿ ಹಗ್ಗಗಳಿಂದ ತೂಗುವ ಕಲ್ಲುಗಳು. ಈ ಕಲ್ಲುಗಳು ಬಲೆಯ ಭಾರವನ್ನು ಸರಿದೂಗಿಸುವುದರಿಂದಲೇ ಕೆಲವು ಮಂದಿ ಸೇರಿ ಅದನ್ನು ನೀರಿನಿಂದ ಎತ್ತಬಲ್ಲರು. ಭಾರವನ್ನು ಆನಿಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಬರುವುದೇ ಅದರ ತಿರುಗಿಸುವ ಸಾಮರ್ಥ್ಯ ಎಂಬ ಸನ್ನೆಗೋಲಿನ ನಿಯಮವಿದು. ಕ್ರೀಡಾಪಟುವಿನ ದೇಹಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಅವನಿಗೆ ಕೈಕಾಲುಗಳೇ ಪ್ರತಿಭಾರ.

ಇದರ ಪ್ರಯೋಗವನ್ನು ಕಾಣಲು ತಿರುವನಂತಪುರದ ಈಸ್ಟ್ ಫೋರ್ಟಿನಲ್ಲಿ 1956ರಲ್ಲಿ ಸಿ. ವಿ. ಗೋವಿಂದನ್‌ಕುಟ್ಟಿ ನಾಯರ್ ಅವರು ಸ್ಥಾಪಿಸಿದ ಸಿ. ವಿ. ಎನ್. ಕಳರಿಗೆ ಹೋಗಬೇಕು. ಕಳರಿಯೆಂದರೆ ನಮ್ಮ ಗರಡಿಯಂಥ ವ್ಯಾಯಾಮಶಾಲೆ. ಸಂಪ್ರದಾಯದ ಪ್ರಕಾರ ಅದರ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ನೆಲ ಮಣ್ಣಿನದು, ಹೊರಗಿನ ಮಟ್ಟಕ್ಕಿಂತ ತಗ್ಗಾಗಿ ತೋಡಿದುದು. ಅಲ್ಲಿ ಕಲಿಸುವ ಪ್ರಾಣಿಭಂಗಿಗಳಿಗೆ ವಡಿವುಗಳೆಂದು ಹೆಸರು.

ಗಜವಡಿವಿನಲ್ಲಿ ಪಾದಗಳು ಅಗಲವಾಗಿ ಊರಿರುತ್ತವೆ, ಮಂಡಿಗಳು ಬಾಗಿರುತ್ತವೆ. ಗುರುತ್ವಕೇಂದ್ರ ಕೆಳಗಿಳಿದು ಆಧಾರ ವಿಸ್ತಾರವಾಗಿರುವುದರಿಂದ ಅಂಥವನನ್ನು ಉರುಳಿಸುವುದು ಕಷ್ಟ. ಮಯೂರವಡಿವಿನಲ್ಲಿಯಾದರೋ ಒಂಟಿಕಾಲಿನ ನಿಲುವು. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಒಂದು ಅಂಗಾಲಿನ ಅಗಲದೊಳಗೇ ಬೀಳಬೇಕು. ಅದು ಕೊಂಚ ಸರಿದರೂ ದೇಹದ ಇತರ ಅಂಗಗಳು ಎದುರು ದಿಕ್ಕಿಗೆ ಚಲಿಸಿ ಅದನ್ನು ತಿದ್ದಬೇಕಾಗುತ್ತದೆ.

ಹಾಗಾದರೆ ಗಜನಿಲುವೇ ಸದಾ ಶ್ರೇಷ್ಠವೆ? ಅಲ್ಲ. ಇತರರು ಕದಲಿಸಲಾರದಷ್ಟು ಭದ್ರವಾಗಿ ನಿಂತವನು ತಾನೂ ಬೇಗ ಕದಲಲಾರ. ಮುಂದಡಿಯಿಡಬೇಕಾದರೆ ಲಂಬರೇಖೆ ಆಧಾರದಿಂದಾಚೆಗೆ ಹೋಗಲೇಬೇಕು. ಬೀಳಲಾರಂಭಿಸಿದ ದೇಹವನ್ನು ಮುಂದಿಟ್ಟ ಪಾದ ಹಿಡಿದು ನಿಲ್ಲಿಸುತ್ತದೆ. ಓಟವೆಂದರೆ ಇಂಥ ತಡೆದ ಬೀಳುವಿಕೆಗಳ ಸಾಲು. ಒಂದು ವಡಿವಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹೊರಳುವ ಅಭ್ಯಾಸದ ಮರ್ಮ ಇಲ್ಲಿದೆ.

ನೆಗೆತದಲ್ಲಿ ಈ ವಿಚಾರಕ್ಕೆ ಇನ್ನಷ್ಟು ಗಾಂಭೀರ್ಯ ಬರುತ್ತದೆ. 50 ಕಿಲೋಗ್ರಾಂ ತೂಕದ ಹುಡುಗನೊಬ್ಬ ಒಂದು ಮೀಟರ್ ಎತ್ತರದಿಂದ ನೆಲಕ್ಕಿಳಿದನೆನ್ನೋಣ. ಮಂಡಿ ಬಾಗಿಸಿ ಗುರುತ್ವಕೇಂದ್ರವನ್ನು 50 ಸೆಂಟಿಮೀಟರ್ ತಗ್ಗಿಸುತ್ತ ನಿಂತರೆ, ಅವನ ಕಾಲುಗಳ ಮೇಲೆ ಬೀಳುವ ಸರಾಸರಿ ಬಲ ಅವನ ತೂಕದ ಮೂರರಷ್ಟು, ಅಂದರೆ 150 ಕಿಲೋಗ್ರಾಂ ಭಾರಕ್ಕೆ ಸಮ. ಕಾಲು ಸೆಟೆಸಿ ಐದೇ ಸೆಂಟಿಮೀಟರಿನಲ್ಲಿ ನಿಂತರೆ ಅದು ಇಪ್ಪತ್ತೊಂದರಷ್ಟು: 1,050 ಕಿಲೋಗ್ರಾಂ! ಎತ್ತರ ಬದಲಾಗಿಲ್ಲ, ತೂಕ ಬದಲಾಗಿಲ್ಲ; ನಿಲ್ಲಲು ದೊರೆತ ಅಂತರ ಮಾತ್ರ ಕಿರಿದಾಗಿದೆ. ಮಂಡಿ, ಕಣಕಾಲುಗಳು ತೆರುವ ಬೆಲೆ ಅದು.

ಕಳರಿಯ ಮಣ್ಣೂ ನಮ್ಮ ಗರಡಿಯ ಕೆಮ್ಮಣ್ಣೂ ತುಸು ತಗ್ಗಿ ಈ ಅಂತರಕ್ಕೆ ಸ್ವಲ್ಪ ಕೂಡಿಸುತ್ತವೆ. ಸಿಮೆಂಟು ಹಾಗೆ ತಗ್ಗುವುದಿಲ್ಲ. ನಗರಗಳಲ್ಲಿ ನಮ್ಮ ಮಕ್ಕಳಿಗೆ ಆಡಲು ದೊರೆಯುವುದು ಬಹುಮಟ್ಟಿಗೆ ಮಹಡಿಯ ತಾರಸಿ, ಇಲ್ಲವೆ ಸಿಮೆಂಟಿನ ಅಂಗಳ. ಅಲ್ಲಿ ತಪ್ಪಿಗೆ ಎಡೆ ಕಡಮೆ. ಆದುದರಿಂದ ಮಕ್ಕಳಿಗೆ ಎಷ್ಟು ಎತ್ತರ ನೆಗೆಯಬೇಕೆಂದು ಹೇಳಿಕೊಡುವ ಮೊದಲು ಹೇಗೆ ಇಳಿಯಬೇಕೆಂಬುದನ್ನು ಕಲಿಸುವುದು ಉಚಿತ.