ನಿಮಗಿದು ಗೊತ್ತೆ? ಟೋಪಿ ಬದಲಿಸಿದ ಜರ್ಮನ್ ನಾವಿಕರು

1914ರ ಆಗಸ್ಟ್, ಮೊದಲ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು. ಬ್ರಿಟಿಷ್ ನೌಕಾಪಡೆ ಬೆನ್ನಟ್ಟಿದ್ದಾಗ ಜರ್ಮನಿಯ ‘ಗೋಬೆನ್’, ‘ಬ್ರೆಸ್ಲಾವ್’ ಯುದ್ಧನೌಕೆಗಳು ತಪ್ಪಿಸಿಕೊಂಡು ಡಾರ್ಡನೆಲ್ಸ್ ಜಲಸಂಧಿ ಹೊಕ್ಕವು. ತುರ್ಕಿ, ಅಂದರೆ ಆಗಿನ ಆಟೊಮನ್ ಸಾಮ್ರಾಜ್ಯ, ಇನ್ನೂ ತಟಸ್ಥ. ಕಾದಾಡುವ ದೇಶದ ಹಡಗುಗಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ ತಾನೇ ಅವನ್ನು ಕೊಂಡೆನೆಂದು ಸಾರಿತು. ಹೆಸರು ಬದಲಾಯಿತು, ಬಾವುಟ ಬದಲಾಯಿತು. ನಾವಿಕರು ಮಾತ್ರ ಅದೇ ಜರ್ಮನ್ನರು, ತಲೆಯ ಮೇಲೆ ತುರ್ಕರ ಫೆಜ್ ಟೋಪಿ!

ಅಕ್ಟೋಬರ್ 29ರಂದು ಜರ್ಮನ್ ಅಡ್ಮಿರಲ್ ಸೂಶೋನ್ ಇದೇ ಹಡಗುಗಳನ್ನು ಕರೆದೊಯ್ದು ರಷ್ಯಾದ ಕಪ್ಪು ಸಮುದ್ರದ ಬಂದರುಗಳ ಮೇಲೆ ಗುಂಡಿನ ಮಳೆಗರೆದ. ಆಟೊಮನ್ ಸಾಮ್ರಾಜ್ಯದ ಹಣೆಬರಹ ಅಂದೇ ಬರೆದುಹೋಯಿತು ಎನ್ನಬೇಕು. ಕೆಲವೇ ದಿನಗಳಲ್ಲಿ ಅದು ಮಹಾಯುದ್ಧಕ್ಕೆ ಧುಮುಕಿತು.

‘ಯಾವುಜ್’ ಎಂಬ ಹೆಸರು ಪಡೆದ ಗೋಬೆನ್‌ನದು ಗಟ್ಟಿ ಆಯುಷ್ಯ. 1938ರಲ್ಲಿ ತುರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ಅವರ ಪಾರ್ಥಿವ ಶರೀರವನ್ನು ಇಜ್ಮಿತ್‌ಗೆ ಹೊತ್ತೊಯ್ದದ್ದು ಇದೇ ಹಡಗು.